ಮೊದಲು ಫ್ರಿಜ್, ಆಮೇಲೆ ಪ್ಯಾನೆಲ್: ಮಲೆನಾಡಿನಲ್ಲಿ ಸುತ್ತುವ ಕ್ಯಾಂಪರ್ ವ್ಯಾನಿಗೆ ಯಾವುದು ಸರಿ?

ನಮ್ಮ ಅಮ್ಮನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಅವರಿಗೆ ಊರೂರು ಸುತ್ತುವುದೂ ಬೇಕು. ಅದಕ್ಕೇ ಹಾಸನದಲ್ಲಿ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡೆವು. ಸೀಟು ತೆಗೆಸಿ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ ಹಾಕಿಸಿದೆವು. ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದೆವು. ಎಲ್ಲ ಮುಗಿದ ಮೇಲೆ ಫ್ರಿಜ್ ಅಂತ ಒಂದು ಪುಟ್ಟ ಡಬ್ಬಿ ತಂದೆವು. ಅಂಗಡಿಯವರು ಅದನ್ನು ಕಾರ್ ಫ್ರಿಜ್ ಎಂದೇ ಕೊಟ್ಟರು. ಅಗ್ಗ, ಹಗುರ, ಡ್ಯಾಶ್‌ಬೋರ್ಡಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಿದರೆ ಮುಗಿಯಿತು.

ಏಪ್ರಿಲ್‌ನಲ್ಲಿ ಅರಸೀಕೆರೆ ದಾಟಿ ಹಂಪಿ ಕಡೆ ಹೊರಟೆವು. ಎರಡನೇ ದಿನ ಮಧ್ಯಾಹ್ನ ಗಾಡಿಯೊಳಗೆ 38 ಡಿಗ್ರಿ. ಡಬ್ಬಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 19. ಇನ್ನೂ ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಒಳಗಿದ್ದ ಬಾಟಲಿಗಳನ್ನು ನಂಬಲು ಧೈರ್ಯ ಬರಲಿಲ್ಲ. ಹೊಸಪೇಟೆಯಲ್ಲಿ ಬೇರೆ ಕೊಂಡು, ಹಂಪಿಯನ್ನು ಅರ್ಧಕ್ಕೇ ಬಿಟ್ಟು ವಾಪಸ್ ಹೊರಟೆವು. ದಾರಿಯುದ್ದಕ್ಕೂ ಅಮ್ಮ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಆಮೇಲೆ ಒಂದೊಂದನ್ನೇ ಅಳೆದು, ಬದಲಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಫ್ರಿಜ್ ಯಾವುದು ಅಂತ ಗಟ್ಟಿಯಾಗದೆ ಪ್ಯಾನೆಲ್ ಕೊಳ್ಳಬೇಡಿ. ಲೈಟು ರಾತ್ರಿ ನಾಲ್ಕು ಗಂಟೆ ಉರಿಯುತ್ತದೆ. ಫ್ಯಾನು ಮಲಗಿದಾಗ ತಿರುಗುತ್ತದೆ. ನೀರಿನ ಪಂಪು ದಿನಕ್ಕೆ ಐದು ನಿಮಿಷ ಓಡಿದರೆ ಹೆಚ್ಚು. ಹಗಲು ರಾತ್ರಿ ಬಿಡದೆ ಕರೆಂಟ್ ಕೇಳುವುದು ಫ್ರಿಜ್ ಒಂದೇ. ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ, ಎಷ್ಟು ದಪ್ಪದ ವೈರ್ ಬೇಕು ಅನ್ನುವುದು ಅದರ ಹಸಿವಿನ ಮೇಲೆ ನಿಂತಿದೆ.

ಯಾವ ಫ್ರಿಜ್?

ಶನಿವಾರ ಹೋಗಿ ಭಾನುವಾರ ಬರುವವರಿಗೆ ಒಳ್ಳೆಯ ಐಸ್ ಡಬ್ಬಿಯೇ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನಕ್ಕೆ ನಿಜವಾಗಿ ಬೇಕಿರುವುದು ಅಷ್ಟೇ. ದಪ್ಪ ಗೋಡೆಯ ಡಬ್ಬಿ, ಮನೆ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ನಾಲ್ಕು ನೀರಿನ ಬಾಟಲಿ. ಹಾಲು, ಮೊಸರು, ದೋಸೆ ಹಿಟ್ಟು ಎರಡು ದಿನ ಆರಾಮಾಗಿ ಇರುತ್ತವೆ. ಪ್ಯಾನೆಲ್ಲೂ ಬೇಡ, ದೊಡ್ಡ ಬ್ಯಾಟರಿಯೂ ಬೇಡ. ಇನ್ಸುಲಿನ್ ಇದ್ದರೆ ಒಂದು ಎಚ್ಚರ: ಬಾಟಲಿ ಐಸಿಗೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಹಾಗೇ ಕಂಡರೂ ಕೆಲಸಕ್ಕೆ ಬರುವುದಿಲ್ಲ.

ಇನ್ನು ನಾವು ಮೊದಲು ತಂದ ಡಬ್ಬಿ. ಅದರಲ್ಲಿ ಕಂಪ್ರೆಸರ್ ಇರಲಿಲ್ಲ. ಪೆಲ್ಟಿಯರ್ ಎಂಬ ಒಂದು ಬಿಲ್ಲೆ ಇರುತ್ತದೆ. ಕರೆಂಟ್ ಹರಿದರೆ ಅದರ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಇದು ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಮಾತ್ರ ಕೆಳಗೆ ಇಳಿಸಬಲ್ಲದು. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ಗಿರಿ ಕಡೆ ಹೋದಾಗ ಒಳಗೆ 6 ಡಿಗ್ರಿ ತೋರಿಸಿತ್ತು. ಅದನ್ನು ನೋಡಿಯೇ ನಾವು ನಂಬಿದ್ದು. ಬಯಲುಸೀಮೆಯ ಏಪ್ರಿಲ್‌ನಲ್ಲಿ ಅದೇ ಡಬ್ಬಿ 19ರಲ್ಲಿ ನಿಂತಿತು. ಡಬ್ಬಿ ಕೆಟ್ಟಿರಲಿಲ್ಲ, ಅದರ ಶಕ್ತಿಯೇ ಅಷ್ಟು. ಇಷ್ಟಕ್ಕೇ 50 ವ್ಯಾಟ್ ಎಡಬಿಡದೆ ಎಳೆಯುತ್ತದೆ. 24 ಗಂಟೆಗೆ 1.2 ಯೂನಿಟ್. ಕಂಪ್ರೆಸರ್ ಇರುವ, ಅದಕ್ಕಿಂತ ಎರಡು ಪಟ್ಟು ದೊಡ್ಡ ಫ್ರಿಜ್ ಇದರ ಅರ್ಧದಲ್ಲಿ ನಡೆಯುತ್ತದೆ. ಕೊಳ್ಳುವಾಗ "ಕಂಪ್ರೆಸರ್ ಇದೆಯಾ?" ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಬಿಟ್ಟುಬಿಡಿ.

ಹೊರದೇಶದ ದೊಡ್ಡ ಗಾಡಿಗಳಲ್ಲಿ ಗ್ಯಾಸಿನ ಫ್ರಿಜ್ ಸಾಮಾನ್ಯ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ವಾನ್ ಪ್ಲಾಟನ್ ಮತ್ತು ಮುಂಟರ್ಸ್, ಕಂಡುಹಿಡಿದ ವಿಧಾನ ಅದು. ಬೆಂಕಿಯ ಕಾವಿನಿಂದ ಅಮೋನಿಯಾ ಕುದಿದು, ತಣಿದು, ಆವಿಯಾಗಿ ಒಳಗಿನ ಬಿಸಿಯನ್ನು ಹೊತ್ತು ಹೋಗುತ್ತದೆ. ಅಲುಗುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. ಓದಿದಾಗ ನನಗೆ ತುಂಬಾ ಇಷ್ಟವಾಯಿತು. ಆದರೆ ನಮ್ಮ ಕಡೆಗೆ ಒಗ್ಗುವುದಿಲ್ಲ. ಅದು ಒಳಗಿನ ದ್ರವ ತನ್ನ ಭಾರಕ್ಕೆ ತಾನೇ ಇಳಿದು ನಡೆಯುವ ಯಂತ್ರ, ಹಾಗಾಗಿ ನೆಲ ಸಮವಾಗಿರಬೇಕು. ಕಾಫಿ ತೋಟದ ಅಂಗಳದಲ್ಲಿ ಸಮ ನೆಲ ಎಲ್ಲಿ ಸಿಗುತ್ತದೆ? ಬೇಸಿಗೆಯ ಕಾವಿನಲ್ಲಿ ಅದರ ತಂಪು ಕುಗ್ಗುತ್ತದೆ. ಗ್ಯಾಸ್ ಬಿಟ್ಟು ಕರೆಂಟ್‌ನಲ್ಲಿ ಓಡಿಸಿದರೆ 100 ವ್ಯಾಟ್‌ಗಿಂತ ಜಾಸ್ತಿ, ದಿನಕ್ಕೆ ಎರಡೂವರೆ ಯೂನಿಟ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ಮಲಗಿರುವ ಮುಚ್ಚಿದ ಗಾಡಿಯಲ್ಲಿ ರಾತ್ರಿಯಿಡೀ ಗ್ಯಾಸ್ ಉರಿಯುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ಹೊಗೆ ಹೊರಗೆ ಹೋಗಲು ಸರಿಯಾದ ಕಿಂಡಿ, ಸೋರಿಕೆ ಹಿಡಿಯುವ ಅಲಾರಂ ಇಲ್ಲದೆ ಅದಕ್ಕೆ ಕೈ ಹಾಕಲೇಬಾರದು.

ಹೀಗೆ ಕೊನೆಗೆ ಉಳಿದದ್ದು ಎರಡು. ಮನೆಯ ಸಿಂಗಲ್ ಡೋರ್ ಫ್ರಿಜ್ ಅನ್ನು ಇನ್ವರ್ಟರ್ ಮೇಲೆ ಓಡಿಸುವುದು. ಇಲ್ಲವೇ ನೇರವಾಗಿ 12 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಕಂಪ್ರೆಸರ್ ಫ್ರಿಜ್ ತರುವುದು. ನಿಜವಾದ ಹೋಲಿಕೆ ಇರುವುದು ಇವೆರಡರ ನಡುವೆ.

ಮನೆ ಫ್ರಿಜ್ ಪರವಾಗಿ ಹೇಳುವುದು ಬಹಳ ಇದೆ. 190 ಲೀಟರ್‌ನ ಹೊಸ ಫ್ರಿಜ್ 40 ಲೀಟರ್‌ನ 12 ವೋಲ್ಟ್ ಫ್ರಿಜ್‌ಗಿಂತ ಅಗ್ಗಕ್ಕೆ ಸಿಗುತ್ತದೆ. ಕೆಟ್ಟರೆ ಬೇಲೂರಿನಲ್ಲಾದರೂ ಕಡೂರಿನಲ್ಲಾದರೂ ರಿಪೇರಿಯವರು ಸಿಗುತ್ತಾರೆ. ಬಾಗಿಲ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. 180 ಅಂತಿದ್ದರೆ ದಿನಕ್ಕೆ ಬರೀ ಅರ್ಧ ಯೂನಿಟ್. ಇಷ್ಟು ಕಡಿಮೆಗೆ ಅಷ್ಟು ದೊಡ್ಡ ಜಾಗ ತಂಪಾಗುವುದು ದೊಡ್ಡ ವಿಷಯವೇ.

ಆದರೆ ಲೇಬಲ್ ಹೇಳುವುದು ಮನೆಯ ಗೋಡೆ ಸಾಕೆಟ್‌ನ ಲೆಕ್ಕ. ಗಾಡಿಯಲ್ಲಿ ನಡುವೆ ಇನ್ವರ್ಟರ್ ಬರುತ್ತದೆ. ಫ್ರಿಜ್ ಸುಮ್ಮನಿದ್ದರೂ ಇನ್ವರ್ಟರ್ ಮಾತ್ರ ಎದ್ದೇ ಇರಬೇಕು, ಯಾಕೆಂದರೆ ಕಂಪ್ರೆಸರ್ ಯಾವಾಗ ಶುರುವಾಗುತ್ತದೆ ಅಂತ ಗೊತ್ತಿಲ್ಲ. ಹೀಗೆ ಎದ್ದಿರಲು ಅದು 10ರಿಂದ 20 ವ್ಯಾಟ್ ತಿನ್ನುತ್ತದೆ. 15 ಅಂತ ಹಿಡಿದರೂ ದಿನಕ್ಕೆ 0.36 ಯೂನಿಟ್. 12 ವೋಲ್ಟನ್ನು 230 ಮಾಡುವಾಗ ಆಗುವ ನಷ್ಟ ಬೇರೆ. ಎಲ್ಲ ಸೇರಿ ಅರ್ಧ ಯೂನಿಟ್‌ನ ಫ್ರಿಜ್ ಬ್ಯಾಟರಿಯಿಂದ 0.9 ಯೂನಿಟ್ ಎಳೆಯುತ್ತದೆ. ಹಳೇ ಮಾದರಿಯ ಕಂಪ್ರೆಸರ್ ಆದರೆ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಕೇಳುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಹಾಗಾಗಿ ಈ ದಾರಿ ಹಿಡಿದರೆ ನಿಧಾನಕ್ಕೆ ವೇಗ ಏರಿಸಿಕೊಳ್ಳುವ, ಇನ್ವರ್ಟರ್ ಕಂಪ್ರೆಸರ್ ಎಂಬ ಬಗೆಯ ಫ್ರಿಜ್ಜೇ ಬೇಕು, ಗೋಡೆ ಸಾಕೆಟ್ಟಿನಂಥದೇ ಕರೆಂಟ್ ಕೊಡುವ ಸೈನ್ ವೇವ್ ಇನ್ವರ್ಟರೇ ಬೇಕು. ಮನೆಯಲ್ಲಿ ಕರೆಂಟ್ ಹೋದಾಗ ಬಳಸುವ ಹಳೇ ಸ್ಕ್ವೇರ್ ವೇವ್ ಯುಪಿಎಸ್ ಇದಕ್ಕೆ ಬೇಡ.

ಇನ್ನೊಂದು ವಿಷಯ ಕುಲುಕಾಟ. ಮನೆ ಫ್ರಿಜ್ ಮಾಡಿರುವುದು ಒಂದು ಕಡೆ ನಿಲ್ಲಲು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಾಗಿಲು ತಾನೇ ತೆರೆದು ಮೊಸರಿನ ಪಾತ್ರೆ ಕೆಳಗೆ ಬೀಳುತ್ತದೆ. ಅದಕ್ಕೆ ಚಿಲಕ ಹಾಕಬಹುದು. ಹಿಂದಿನ ತೆಳು ತಾಮ್ರದ ಕೊಳವೆ ಅಲುಗಿ ಅಲುಗಿ ಬಿರುಕು ಬಿಟ್ಟರೆ ಯಾವ ಚಿಲಕವೂ ಉಳಿಸುವುದಿಲ್ಲ. ಗಾಡಿಯನ್ನು ತೋಟದಲ್ಲಿ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವವರಿಗೆ, ಐದಾರು ಜನರ ಅಡುಗೆ ಆಗಬೇಕಾದವರಿಗೆ ನಾನು ಮನೆ ಫ್ರಿಜ್ಜೇ ಹೇಳುತ್ತೇನೆ. ದಿನಾ ಓಡಾಡುವ ಗಾಡಿಗೆ ಹೇಳುವುದಿಲ್ಲ.

12 ವೋಲ್ಟ್ ಕಂಪ್ರೆಸರ್ ಫ್ರಿಜ್ ಕೊಳ್ಳುವಾಗ ಕೈ ಸುಡುತ್ತದೆ, ಆಮೇಲೆ ನೆಮ್ಮದಿ. ನಮ್ಮದು 45 ಲೀಟರ್. ಓಡುವಾಗ 45ರಿಂದ 50 ವ್ಯಾಟ್, ಆದರೆ ಗಂಟೆಯಲ್ಲಿ ಮೂರನೇ ಒಂದು ಭಾಗ, ಬಿಸಿ ಜಾಸ್ತಿಯಿದ್ದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ ಓಡುತ್ತದೆ. ಸಕಲೇಶಪುರದ ತಂಪಿನಲ್ಲಿ ದಿನಕ್ಕೆ 0.4 ಯೂನಿಟ್, ಬಯಲುಸೀಮೆಯ ಏಪ್ರಿಲ್‌ನಲ್ಲಿ 0.7. ಹೊರಗೆ ಎಷ್ಟೇ ಬಿಸಿಯಿದ್ದರೂ ಒಳಗೆ 5 ಅಂದರೆ 5. ಗಾಡಿ ಸ್ವಲ್ಪ ಓರೆಯಾಗಿ ನಿಂತರೂ ತೊಂದರೆಯಿಲ್ಲ. ಬ್ಯಾಟರಿ ತೀರಾ ಇಳಿದಾಗ ತಾನೇ ಆಫ್ ಆಗುವ ವ್ಯವಸ್ಥೆಯೂ ಇರುತ್ತದೆ. ಡ್ಯಾನ್‌ಫಾಸ್ ಬಿಡಿ35 ಎಂಬ ಕಂಪ್ರೆಸರ್ ಈ ಬಗೆಯ ಫ್ರಿಜ್‌ಗಳಲ್ಲಿ ಬಹಳ ಹೆಸರು ಮಾಡಿದ್ದು. ಈಗ ಅದು ಸೆಕಾಪ್ ಹೆಸರಿನಲ್ಲಿ ಬರುತ್ತದೆ. ಬೇರೆ ಕಂಪ್ರೆಸರ್ ಇದ್ದರೂ ಪರವಾಗಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ, ವಾರಂಟಿಗೆ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಾ ಅಂತ ಮಾತ್ರ ಕೇಳಿಕೊಳ್ಳಿ.

ಇದರಲ್ಲಿಯೂ ಎರಡು ರೂಪ. ಮೇಲಿನಿಂದ ತೆರೆಯುವ ಪೆಟ್ಟಿಗೆ, ಮುಂದಿನಿಂದ ತೆರೆಯುವ ಬೀರು. ತಣ್ಣನೆ ಗಾಳಿ ಭಾರ. ಬೀರಿನ ಬಾಗಿಲು ತೆರೆದರೆ ಅದು ಕಾಲ ಮೇಲೆ ಸುರಿದುಹೋಗುತ್ತದೆ. ಪೆಟ್ಟಿಗೆಯಲ್ಲಿ ಒಳಗೇ ಕೂತಿರುತ್ತದೆ. ಆದರೆ ಪೆಟ್ಟಿಗೆಯ ತಳದಲ್ಲಿರುವ ಮೊಸರು ಬೇಕಾದರೆ ಮೇಲಿನದನ್ನೆಲ್ಲ ಎತ್ತಬೇಕು, ಬಗ್ಗಬೇಕು. ಅಮ್ಮನ ಮಂಡಿ, ಸೊಂಟ ನೆನೆಸಿಕೊಂಡು ನಾನು ಬೀರಿನ ಕಡೆಗೇ ವಾಲಿದ್ದೆ. ಬೇಡ ಅಂದದ್ದು ಅಮ್ಮನೇ. ಪೆಟ್ಟಿಗೆಯನ್ನು ಮಂಚದ ಎತ್ತರಕ್ಕೆ ಒಂದು ಮರದ ಕಟ್ಟೆ ಮೇಲೆ ಕೂರಿಸಿದೆವು. ಇನ್ಸುಲಿನ್‌ಗೆ ಮೇಲ್ಗಡೆ ಒಂದು ಪ್ಲಾಸ್ಟಿಕ್ ಡಬ್ಬಿ. ಪೆಟ್ಟಿಗೆಯ ತಳ, ಗೋಡೆಯ ಪಕ್ಕ ತುಂಬಾ ತಣ್ಣಗಿರುವ ಜಾಗ, ಅಲ್ಲಿ ಔಷಧಿ ಇಡಬಾರದು.

ಯಾವ ಫ್ರಿಜ್ ಆದರೂ ಅದರ ಬಿಸಿ ಹೊರಹೋಗಲು ಜಾಗ ಬೇಕು. ನಾಲ್ಕೂ ಕಡೆ ಪ್ಲೈವುಡ್ ಮುಚ್ಚಿ ಅಂದವಾಗಿ ಮಾಡಿಸಿದರೆ ಅದು ತನ್ನ ಬಿಸಿಗಾಳಿಯನ್ನೇ ಉಸಿರಾಡುತ್ತದೆ, ಕರೆಂಟ್ ಜಾಸ್ತಿ ತಿನ್ನುತ್ತದೆ. ಕೆಳಗೊಂದು, ಮೇಲೊಂದು ಜಾಲರಿ ಕಿಂಡಿ ಬಿಡಿಸಿ.

ಯಾವ ಪ್ಯಾನೆಲ್?

ಫ್ರಿಜ್ ಗಟ್ಟಿಯಾಯಿತು ಅಂದರೆ ಪ್ಯಾನೆಲ್ ಲೆಕ್ಕ ಸುಲಭ. ನಮ್ಮ ಬೇಸಿಗೆಯ ದಿನ: ಫ್ರಿಜ್ 0.7, ಎರಡು ಸಣ್ಣ ಫ್ಯಾನ್ ಎಂಟು ಗಂಟೆಗೆ 0.25, ಲೈಟು, ಮೊಬೈಲು, ಪಂಪು 0.15. ಒಟ್ಟು 1.1 ಯೂನಿಟ್. ಪ್ಯಾನೆಲ್ ಕೊಡುವುದನ್ನು ನಾನು ಹೀಗೆ ಗುಣಿಸುತ್ತೇನೆ: ಪ್ಯಾನೆಲ್ಲಿನ ವ್ಯಾಟ್, ಅದಕ್ಕೆ ಆ ದಿನದ ಪೂರ್ಣ ಬಿಸಿಲಿನ ಗಂಟೆ, ಅದಕ್ಕೆ 0.7. ಬಿಸಿ, ಧೂಳು, ವೈರು, ಮಲಗಿಸಿ ಕೂರಿಸಿದ್ದು, ಈ ನಷ್ಟಗಳೆಲ್ಲ ಆ 0.7ರಲ್ಲಿ ಬಂದವು. ಪೂರ್ಣ ಬಿಸಿಲಿನ ಗಂಟೆ ಅಂದರೆ ಬೆಳಗಿನಿಂದ ಸಂಜೆವರೆಗಿನ ಎಳೆ ಬಿಸಿಲು, ಗಟ್ಟಿ ಬಿಸಿಲೆಲ್ಲ ಸೇರಿಸಿದರೆ ಎಷ್ಟು ಗಂಟೆಯ ನೆತ್ತಿ ಬಿಸಿಲಿಗೆ ಸಮ ಅನ್ನುವುದು. ಮಾರ್ಚ್, ಏಪ್ರಿಲ್‌ಗೆ ನಾನು 6 ಹಿಡಿಯುತ್ತೇನೆ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಸಕಲೇಶಪುರ, ಮೂಡಿಗೆರೆ ಕಡೆಗೆ 2 ಹಿಡಿಯುತ್ತೇನೆ. 400 ವ್ಯಾಟ್ ಪ್ಯಾನೆಲ್ ಬೇಸಿಗೆಯಲ್ಲಿ ಸುಮಾರು 1.7 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ 0.56. ಒಂದೇ ಪ್ಯಾನೆಲ್, ಮೂರು ಪಟ್ಟು ಅಂತರ. ಇದನ್ನು ಮರೆತರೆ ಆಷಾಢದಲ್ಲಿ ಕತ್ತಲಲ್ಲಿ ಕೂರಬೇಕಾಗುತ್ತದೆ.

ಬಗೆಗಳಿಗೆ ಬರೋಣ. ನೀಲಿ ಬಣ್ಣದ ಪಾಲಿ ಪ್ಯಾನೆಲ್ ಈಗ ಹಳೆಯದಾಯಿತು. ಮನೆ ಛಾವಣಿಯಲ್ಲಿ ಜಾಗ ಇದ್ದರೆ ಅದೂ ನಡೆಯುತ್ತದೆ. ಗಾಡಿ ಮೇಲೆ ಜಾಗವೇ ಕಡಿಮೆ. ಒಂದು ಚದರ ಮೀಟರ್‌ಗೆ ಪಾಲಿ 160 ವ್ಯಾಟ್ ಕೊಟ್ಟರೆ ಕಪ್ಪು ಬಣ್ಣದ ಮೋನೋ ಪರ್ಕ್ 200 ಕೊಡುತ್ತದೆ. ಇಲ್ಲಿ ಮೋನೋ ಅಂತ ಕಣ್ಣು ಮುಚ್ಚಿ ಹೇಳಬಹುದು. ಬೈಫೇಸಿಯಲ್ ಅಂತ ಎರಡು ಮುಖದ್ದು ಬರುತ್ತದೆ. ಅದರ ಹಿಂಬದಿಗೂ ಬೆಳಕು ಬಿದ್ದರೆ ತಾನೆ ಲಾಭ? ಗಾಡಿ ಛಾವಣಿಗೆ ಅಂಟಿಕೊಂಡಂತೆ ಕೂತರೆ ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು, ಹೆಚ್ಚಿನ ಭಾರ ಎರಡೂ ದಂಡ.

ಅಂಟಿಸುವ ತೆಳು ಪ್ಯಾನೆಲ್ ನೋಡಿದರೆ ಯಾರಿಗೂ ಆಸೆಯಾಗುತ್ತದೆ. 100 ವ್ಯಾಟಿನದು ಎರಡು ಮೂರು ಕೆಜಿ ಅಷ್ಟೇ. ತೂತು ಕೊರೆಯುವುದೂ ಬೇಡ. ಆದರೆ ಅದರ ಕೆಳಗೆ ಗಾಳಿ ಆಡುವುದಿಲ್ಲ. ಮೋನೋ ಪ್ಯಾನೆಲ್ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.35 ಶಕ್ತಿ ಕಳೆದುಕೊಳ್ಳುತ್ತದೆ. ತಗಡಿಗೆ ಅಂಟಿ 65 ಡಿಗ್ರಿ ಮುಟ್ಟಿದರೆ ಶೇ 14 ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ಬಾಳಿಕೆ. ಗಾಜಿನ ಪ್ಯಾನೆಲ್ 25 ವರ್ಷ ಅಂತ ವಾರಂಟಿ ಹೊತ್ತು ಬರುತ್ತದೆ. ತೆಳುವಿನದು ಕೆಲವೇ ವರ್ಷಕ್ಕೆ ಗುಳ್ಳೆ ಏಳಬಹುದು, ಒಳಗಿನ ಸೆಲ್ ಬಿರುಕು ಬಿಡಬಹುದು. ಆಮೇಲೆ ಅಂಟು ಕಿತ್ತು ತೆಗೆಯುವುದು ಇನ್ನೊಂದು ಕಷ್ಟ. ಛಾವಣಿ ಭಾರ ತಡೆಯದ ಸಣ್ಣ ಓಮ್ನಿಯಂಥ ಗಾಡಿಗೆ ಮಾತ್ರ ಇದನ್ನು ಯೋಚಿಸಿ. ಆಗಲೂ ಮೇಲ್ಪದರ ಇಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನದು ಇರುವುದನ್ನೇ ಕೇಳಿ, ಪಿಇಟಿ ಪ್ಲಾಸ್ಟಿಕ್ಕಿನದು ಬೇಡ.

ಈಗ ಗಾಜಿನ ಪ್ಯಾನೆಲ್ಲಿನಲ್ಲೇ ಒಂದು ನಿಜವಾದ ಆಯ್ಕೆ ಇದೆ. ಮನೆ ಮೇಲೆ ಹಾಕುವ 550 ವ್ಯಾಟಿನ ಒಂದೇ ದೊಡ್ಡದೋ, 12 ವೋಲ್ಟಿನ 200 ವ್ಯಾಟಿನ ಎರಡೋ?

ವ್ಯಾಟಿಗಿಷ್ಟು ಅಂತ ನೋಡಿದರೆ ದೊಡ್ಡದು ಅಗ್ಗ. ಹಾಸನದಲ್ಲಿ ಯಾವ ಸೋಲಾರ್ ಅಂಗಡಿಗೆ ಹೋದರೂ ಅದು ಇರುತ್ತದೆ. ಅಳತೆ ಸುಮಾರು 2.28 ಮೀಟರ್ ಉದ್ದ, 1.13 ಅಗಲ, ತೂಕ 28 ಕೆಜಿ. ಅದನ್ನು ಕೂರಿಸಿದರೆ ಮೇಲಿನ ಗಾಳಿ ಕಿಂಡಿಗೆ, ಎಸಿಗೆ ಜಾಗ ಉಳಿಯುತ್ತದೋ ಇಲ್ಲವೋ ಟೇಪ್ ಹಿಡಿದು ನೋಡಬೇಕು. ಟೆಂಪೋ ಟ್ರಾವೆಲರ್ ಛಾವಣಿ ಅಂಚಿನಲ್ಲಿ ಬಾಗಿದೆ, ಚಪ್ಪಟೆ ಜಾಗ ಕಣ್ಣಿಗೆ ಕಂಡಷ್ಟು ಇರುವುದಿಲ್ಲ. ಒಂದೇ ದೊಡ್ಡ ಗಾಜು ಗಾಡಿಯ ತಿರುಚಾಟವನ್ನೆಲ್ಲ ತಾನೇ ತಡೆಯಬೇಕು.

ನಾನು ಎರಡು 200ನ್ನು ಆರಿಸಿದ್ದು ನೆರಳಿಗೆ ಹೆದರಿ. ಪ್ಯಾನೆಲ್ಲಿನೊಳಗೆ ಸೆಲ್‌ಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಒಂದು ಸೆಲ್ ಮೇಲೆ ನೆರಳು ಬಿದ್ದರೆ ಆ ಸಾಲೇ ಸೋಲುತ್ತದೆ. ಅದಕ್ಕೇ ಒಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಒಂದು ಭಾಗ ಸೋತರೆ ಕರೆಂಟ್ ಅದನ್ನು ಬಿಟ್ಟು ಹಾದುಹೋಗುತ್ತದೆ. ಅಂದರೆ ಒಂದು ಕೊಂಬೆಯ ನೆರಳಿಗೆ ಪ್ಯಾನೆಲ್ಲಿನ ಮೂರರಲ್ಲಿ ಒಂದು ಪಾಲು ಹೋಗಬಹುದು. ಎರಡು ಪ್ಯಾನೆಲ್ಲನ್ನು ಪ್ಯಾರಲಲ್ ಆಗಿ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ಜೋಡಿಸಿದರೆ ಒಂದರ ಮೇಲಿನ ನೆರಳು ಇನ್ನೊಂದನ್ನು ಕೆಡಿಸುವುದಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಮರಗಳ ನಡುವೆ ನಿಲ್ಲುವ ನಮಗೆ ಇದು ಪ್ರತಿ ದಿನದ ವಿಷಯ. ಬಯಲಿನಲ್ಲೇ ಇರುವವರು, ಛಾವಣಿ ಖಾಲಿ ಇರುವವರು ದೊಡ್ಡದನ್ನೇ ಹಾಕಿ. ಉಳಿದ ದುಡ್ಡು ಫ್ರಿಜ್ ಕಡೆ ಹೋಗಲಿ.

ದೊಡ್ಡ ಪ್ಯಾನೆಲ್ ಹಾಕಿದರೆ ಕಂಟ್ರೋಲರ್ ವಿಷಯದಲ್ಲಿ, ಅಂದರೆ ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಪೆಟ್ಟಿಗೆಯಲ್ಲಿ, ಕಂಜೂಸ್ ಮಾಡಬೇಡಿ. 550 ವ್ಯಾಟಿನದು ಸುಮಾರು 41 ವೋಲ್ಟ್, 13 ಆಂಪಿಯರ್‌ನಲ್ಲಿ ಕೆಲಸ ಮಾಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಆ ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ. ಆಂಪಿಯರ್ ಮಾತ್ರ ಅಷ್ಟೇ ಇರುತ್ತದೆ. 13 ವೋಲ್ಟ್, 13 ಆಂಪಿಯರ್, ಬರೀ 170 ವ್ಯಾಟ್. ಉಳಿದ 380 ವ್ಯಾಟ್‌ಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಎಂಪಿಪಿಟಿ ಎಂಬ ಬಗೆಯ ಕಂಟ್ರೋಲರ್ ಆದರೆ ಹೆಚ್ಚಿನ ವೋಲ್ಟನ್ನು ಆಂಪಿಯರ್ ಆಗಿ ಬದಲಿಸಿ ಕೊಡುತ್ತದೆ. ಇದಕ್ಕೆ 40 ಆಂಪಿಯರ್, 100 ವೋಲ್ಟ್ ತಡೆಯುವುದು ಬೇಕು. ನಮ್ಮ ಎರಡು 200ಕ್ಕೆ 30 ಆಂಪಿಯರಿನ ಎಂಪಿಪಿಟಿ ಸಾಕಾಯಿತು.

ನೆರಳಿಗೆ ನಿಲ್ಲಿಸಬೇಕೋ, ಬಿಸಿಲಿಗೋ?

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಸುತ್ತುವವರಿಗೆ ಇದೇ ದೊಡ್ಡ ಪ್ರಶ್ನೆ. ತೋಟದ ನೆರಳಲ್ಲಿ ನಿಲ್ಲಿಸಿದರೆ ಗಾಡಿ ತಂಪು, ಫ್ರಿಜ್ ಕಡಿಮೆ ತಿನ್ನುತ್ತದೆ, ಅಮ್ಮನಿಗೂ ಹಿತ. ಆದರೆ ಪ್ಯಾನೆಲ್ ಹಸಿದು ಕೂರುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಪ್ಯಾನೆಲ್ ತುಂಬಾ ಕೊಡುತ್ತದೆ, ಒಳಗೆ ಕೂರಲಾಗುವುದಿಲ್ಲ. ನಾನು ಎರಡನ್ನೂ ಅಳೆದಿದ್ದೇನೆ. ನೆರಳಿನಿಂದ ಫ್ರಿಜ್‌ನಲ್ಲಿ ಉಳಿಯುವುದು ದಿನಕ್ಕೆ 0.2 ಯೂನಿಟ್. ಪ್ಯಾನೆಲ್ಲಿನಲ್ಲಿ ಕಳೆದುಹೋಗುವುದು ಒಂದು ಯೂನಿಟ್‌ಗಿಂತ ಜಾಸ್ತಿ. ಲೆಕ್ಕ ಬಿಸಿಲಿನ ಪರ. ಮೈ ಮಾತ್ರ ನೆರಳಿನ ಪರ.

ಕೊನೆಗೆ ಒಂದು ಮಡಚುವ 120 ವ್ಯಾಟಿನ ಪ್ಯಾನೆಲ್ ತಂದೆವು. ಗಾಡಿ ನೆರಳಲ್ಲಿ, ಪ್ಯಾನೆಲ್ ಹತ್ತು ಮೀಟರ್ ಆಚೆ ಬಿಸಿಲಲ್ಲಿ. ಮಧ್ಯಾಹ್ನ ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸೂರ್ಯನ ಕಡೆ ತಿರುಗಿಸುತ್ತೇವೆ. ಸದಾ ಸೂರ್ಯನ ಮುಖ ನೋಡುವುದರಿಂದ ಛಾವಣಿಯ ಮೇಲಿನ ಅಷ್ಟೇ ವ್ಯಾಟ್‌ಗಿಂತ ಇದು ಜಾಸ್ತಿ ಕೊಡುತ್ತದೆ. ಮಂಗಗಳಿರುವ ಕಡೆ ಬಿಟ್ಟು ದೂರ ಹೋಗುವಂತಿಲ್ಲ, ವೈರ್ ಎಳೆಯುತ್ತವೆ. ಮಳೆ ಹನಿ ಬಿದ್ದರೆ ಎತ್ತಿ ಒಳಗಿಡಬೇಕು. ಛಾವಣಿ ಪ್ಯಾನೆಲ್ಲಿನ ಬದಲಿಗೆ ಇದನ್ನೇ ನೆಚ್ಚಬೇಡಿ, ಜೊತೆಗೆ ಇಟ್ಟುಕೊಳ್ಳಿ.

ಛಾವಣಿ ಪ್ಯಾನೆಲ್ಲನ್ನು ಓರೆ ಮಾಡಬೇಕಾ ಅಂತ ಕೇಳುವವರಿದ್ದಾರೆ. ಹಾಸನ, ಚಿಕ್ಕಮಗಳೂರು ಎರಡೂ 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಮಲಗಿಸಿದ ಪ್ಯಾನೆಲ್ಲಿಗೆ ಅದು ಒಳ್ಳೆಯದೇ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಮಲಗಿದ ಪ್ಯಾನೆಲ್ ಮಧ್ಯಾಹ್ನದಲ್ಲೂ ಐದರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಆದರೆ ಆಗ ಆಕಾಶ ತಿಳಿಯಾಗಿರುತ್ತದೆ, ಫ್ರಿಜ್ಜೂ ಕಡಿಮೆ ತಿನ್ನುತ್ತದೆ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳ ಪ್ಯಾನೆಲ್ ಸೂರ್ಯನ ಕಡೆಗೇ ತಿರುಗುತ್ತಾ ಇರುತ್ತದೆ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಅದು ನೆನಪಾಗುತ್ತದೆ. ಗಾಡಿಗೆ ಆ ತಿರುಗುವ ಕೀಲು ಬೇಡ, ಗಾಳಿಗೆ ಸಿಕ್ಕಿ ಸಡಿಲವಾಗುವ ಜಾಗ ಅದು. ಮಲಗಿಸಿ, ಕೆಳಗೆ ನಾಲ್ಕೈದು ಸೆಂಟಿಮೀಟರ್ ಗಾಳಿಯಾಡಲು ಬಿಟ್ಟು, ಗಟ್ಟಿಯಾಗಿ ಬೋಲ್ಟ್ ಹಾಕಿಸಿ. ಬೋಲ್ಟ್ ತೂತುಗಳಿಗೆ ಸೀಲೆಂಟ್ ಧಾರಾಳವಾಗಿ ಹಾಕಿಸಿ. ಮಲೆನಾಡಿನ ಮಳೆ ಸೂಜಿ ಮೊನೆಯಷ್ಟು ಸಂದಿಯನ್ನೂ ಬಿಡುವುದಿಲ್ಲ.

ಮಳೆಗಾಲಕ್ಕೆ ಪ್ಯಾನೆಲ್ ಹೆಚ್ಚಿಸುವುದು ಸರಿಯಾದ ಉತ್ತರ ಅಲ್ಲ. ಮೂರು ಪಟ್ಟು ಪ್ಯಾನೆಲ್‌ಗೆ ಛಾವಣಿಯಲ್ಲಿ ಜಾಗವೇ ಇಲ್ಲ. ಇಂಜಿನ್ನಿನ ಡೈನಮೋದಿಂದ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 20 ಆಂಪಿಯರಿನದು ಗಂಟೆಗೆ ಸುಮಾರು 0.27 ಯೂನಿಟ್ ಕೊಡುತ್ತದೆ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಒಂದೂವರೆ ಗಂಟೆ ಓಡಿಸಿದರೆ 0.4, ಆ ತಂಪಿನಲ್ಲಿ ಫ್ರಿಜ್ಜಿನ ಒಂದು ದಿನದ ಊಟ. ಲಿಥಿಯಂ ಬ್ಯಾಟರಿಯನ್ನು ಡೈನಮೋಗೆ ನೇರವಾಗಿ ಜೋಡಿಸಬೇಡಿ. ಅದು ಸಿಕ್ಕಷ್ಟೂ ಎಳೆಯುತ್ತದೆ, ಡೈನಮೋ ಸುಡಬಹುದು. ನಡುವೆ ಚಾರ್ಜರ್ ಇರಬೇಕು. ಇನ್ನೊಂದು ಉಪಾಯ ದುಡ್ಡಿಲ್ಲದ್ದು. ಕೊಟ್ಟಿಗೆಹಾರದಲ್ಲಿ ಮಳೆ ಹೊಯ್ಯುತ್ತಿರುವಾಗಲೂ ಅದೇ ಜಿಲ್ಲೆಯ ಕಡೂರು ಕಡೆ ಬಿಸಿಲಿರಬಹುದು. ಎರಡು ದಿನ ಮಳೆ ನೋಡಿ, ಮೂರನೇ ದಿನ ಸಖರಾಯಪಟ್ಟಣದ ಅಯ್ಯನಕೆರೆ ಕಡೆ ಇಳಿದರೆ ಬ್ಯಾಟರಿಯೂ ತುಂಬುತ್ತದೆ, ಬಟ್ಟೆಯೂ ಒಣಗುತ್ತದೆ.

ಬ್ಯಾಟರಿ, ವೈರು, ಕಾಗದ

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. 150 ಆಂಪಿಯರ್ ಅವರ್ ಟ್ಯೂಬುಲರ್‌ನಲ್ಲಿ (ಮನೆ ಯುಪಿಎಸ್‌ಗೆ ಹಾಕುವ ಸೀಸ, ಆಸಿಡ್ಡಿನ ಬ್ಯಾಟರಿ) 1.8 ಯೂನಿಟ್ ಇದೆ, ಆದರೆ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ತೂಕ 50 ಕೆಜಿ ದಾಟುತ್ತದೆ, ಚಾರ್ಜ್ ಆಗುವಾಗ ಅನಿಲ ಬಿಡುತ್ತದೆ, ಮಲಗುವ ಜಾಗದಲ್ಲಿ ಇಡುವಂತಿಲ್ಲ. 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 1.28 ಯೂನಿಟ್, ಹೆಚ್ಚುಕಡಿಮೆ ಒಂದು ಯೂನಿಟ್ ಧೈರ್ಯವಾಗಿ ಬಳಸಬಹುದು. ತೂಕ 12 ಕೆಜಿ ಆಸುಪಾಸು. ನಾವು ಇಂಥವು ಎರಡು ಹಾಕಿದ್ದೇವೆ. ಬಿಸಿಲೇ ಇಲ್ಲದಿದ್ದರೂ ಎರಡು ದಿನ ಫ್ರಿಜ್ ನಿಲ್ಲುವುದಿಲ್ಲ.

ವೈರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಲೇಬೇಕು. ಹೊಸ ಫ್ರಿಜ್ ತಂದ ಮೊದಲ ವಾರ ರಾತ್ರಿ ಎರಡು ಗಂಟೆಗೆ ತಾನೇ ಆಫ್ ಆಗುತ್ತಿತ್ತು. ಬ್ಯಾಟರಿ ತುಂಬಿಯೇ ಇತ್ತು. ವೈರಿಂಗ್ ಮಾಡಿದವರು ಲೈಟಿಗೆ ಹಾಕುವ 1 ಚದರ ಮಿಲಿಮೀಟರ್ ವೈರನ್ನೇ ಫ್ರಿಜ್ಜಿಗೂ ಎಳೆದಿದ್ದರು. ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್, ಹೋಗಿ ಬರುವುದು 12. ಐದು ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿ ಸತ್ತಿದೆ ಅಂತ ತಿಳಿದು ಫ್ರಿಜ್ ನಿಲ್ಲುತ್ತಿತ್ತು. 6 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದ ಮೇಲೆ ನಷ್ಟ 0.2 ವೋಲ್ಟ್‌ಗಿಂತ ಕಡಿಮೆ. ಫ್ರಿಜ್ ಸರಿಯಿಲ್ಲ ಅಂತ ವಾಪಸ್ ಕೊಡುವ ಮೊದಲು ವೈರ್ ನೋಡಿ. ಸಿಗರೇಟ್ ಲೈಟರ್ ಪ್ಲಗ್ ಕಿತ್ತು ಗಟ್ಟಿ ಕನೆಕ್ಟರ್ ಹಾಕಿ, ಅದು ಅಲುಗಿ ಬಿಸಿಯಾಗುತ್ತದೆ. ಬ್ಯಾಟರಿ ಬುಡದಲ್ಲೇ ಫ್ಯೂಸ್ ಇರಲಿ.

ಗಾಡಿಯನ್ನು ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರೂಪವನ್ನು ನಮ್ಮ ಇಷ್ಟಕ್ಕೆ ಬದಲಿಸುವಂತಿಲ್ಲ. ಸೀಟು ತೆಗೆಯುವುದೂ ಇದರಲ್ಲಿ ಬರುತ್ತದೆ. ಆರ್‌ಸಿಯಲ್ಲಿ ಬರೆಸಿಕೊಳ್ಳದಿದ್ದರೆ ಮುಂದೆ ವಿಮೆಗೂ ತೊಡಕು.

ಯಾರಿಗೆ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇದು. ಎರಡು ದಿನದ ಸುತ್ತಾಟಕ್ಕೆ ಐಸ್ ಡಬ್ಬಿ. ಒಂದೇ ತೋಟದಲ್ಲಿ ಬೀಡು ಬಿಡುವ ದೊಡ್ಡ ಸಂಸಾರಕ್ಕೆ ಇನ್ವರ್ಟರ್ ಕಂಪ್ರೆಸರಿನ ಮನೆ ಫ್ರಿಜ್, 550 ವ್ಯಾಟಿನ ಒಂದು ಪ್ಯಾನೆಲ್, ಎಂಪಿಪಿಟಿ. ನಮ್ಮ ಹಾಗೆ ಇಬ್ಬರು ಮೂವರು, ದಿನಾ ಓಡಾಟ, ಜೊತೆಗೆ ಔಷಧಿ ಇದ್ದರೆ 40ರಿಂದ 50 ಲೀಟರಿನ 12 ವೋಲ್ಟ್ ಪೆಟ್ಟಿಗೆ, 200ರ ಎರಡು ಪ್ಯಾನೆಲ್, ಮಡಚುವುದು ಒಂದು, ಡೈನಮೋ ಚಾರ್ಜರ್. ದುಡ್ಡು ಸಾಲದೆ ಒಂದನ್ನು ಮುಂದೂಡಬೇಕಾದರೆ ಪ್ಯಾನೆಲ್ಲನ್ನು ಮುಂದೂಡಿ, ಫ್ರಿಜ್ಜಿನಲ್ಲಿ ಕಡಿಮೆ ಮಾಡಬೇಡಿ. ಇಂಜಿನ್ ಚಾರ್ಜಿನ ಮೇಲೆ ಒಂದೆರಡು ತಿಂಗಳು ನಡೆಸಬಹುದು.

ಹೋದ ಜುಲೈನಲ್ಲಿ ಸಕಲೇಶಪುರದ ಹತ್ತಿರ ಮೂರು ದಿನ ಇದ್ದೆವು. ಸೂರ್ಯನ ಮುಖ ಕಾಣಲಿಲ್ಲ. ಪ್ಯಾನೆಲ್ ದಿನಕ್ಕೆ ಅರ್ಧ ಯೂನಿಟ್ ಕೊಟ್ಟಿತು, ನಾವು ಬಳಸಿದ್ದು 0.7. ಹೊರಡುವ ಹಿಂದಿನ ರಾತ್ರಿ ಮನೆ ಕರೆಂಟಿನಲ್ಲೇ ಫ್ರಿಜ್ಜನ್ನು ಪೂರ್ತಿ ತಂಪು ಮಾಡಿ, ಖಾಲಿ ಜಾಗಕ್ಕೆಲ್ಲ ತಣ್ಣನೆ ನೀರಿನ ಬಾಟಲಿ ತುಂಬಿದ್ದೆ. ಕನಿಷ್ಠ, ಗರಿಷ್ಠ ಎರಡನ್ನೂ ನೆನಪಿಡುವ ಸಣ್ಣ ಥರ್ಮಾಮೀಟರನ್ನು ಇನ್ಸುಲಿನ್ ಡಬ್ಬಿಯಲ್ಲೇ ಇಟ್ಟಿದ್ದೆ. ಮೂರನೇ ದಿನ ಬೆಳಿಗ್ಗೆ ಅಮ್ಮ ಕಡುಬಿಗೆ ಹಿಟ್ಟು ತೊಳಸುತ್ತಾ ಥರ್ಮಾಮೀಟರ್ ಓದಿ ಹೇಳು ಅಂದರು. ಕನಿಷ್ಠ 3.8, ಗರಿಷ್ಠ 6.4.